ಮಗ್ಗುಲು ತಿರುಗಿಸುವ ಪಾಠ

ತರಬೇತಿ ಕೇಂದ್ರಕ್ಕೆ ಕಾಲಿಟ್ಟ ಮೊದಲ ದಿನವೇ ಅವಳಿಗೆ ‘ಪ್ರಶ್ನಕ್ಕ’ ಎಂಬ ಹೆಸರು ಅಂಟಿಕೊಂಡಿತು. ಅದರಲ್ಲಿ ಯಾರ ತಪ್ಪೂ ಇಲ್ಲ. ಅರ್ಜಿಯ ಒಂದು ಪುಟ ತುಂಬುವಷ್ಟರಲ್ಲಿ ಹನ್ನೊಂದು ಪ್ರಶ್ನೆ ಕೇಳಿದವಳಿಗೆ ಇನ್ನೇನು ಹೆಸರಿಡುತ್ತಾರೆ? ಮೂಲೆಯಲ್ಲಿ ನಿಂತ ಅಸ್ಥಿಪಂಜರಕ್ಕೆ ಒಂದು ಬೆರಳು ಯಾಕಿಲ್ಲ, ಮಂಚದ ಮೇಲೆ ಮಲಗಿಸಿದ ಪ್ಲಾಸ್ಟಿಕ್ ಗೊಂಬೆ ಗಂಡೋ ಹೆಣ್ಣೋ, ಮಂಚದ ಚಕ್ರದ ಬ್ರೇಕಿಗೆ ಕೆಂಪು ಬಣ್ಣವೇ ಯಾಕೆ, ಹೀಗೆ. ಹನ್ನೆರಡನೆಯದಕ್ಕೆ ಗುಮಾಸ್ತ ಪೆನ್ನು ಕೆಳಗಿಟ್ಟ.

“ಅಕ್ಕಾ, ಪರೀಕ್ಷೆ ಮಾಡೋರು ನಾವು. ನೀವು ಬರೀ ಉತ್ತರ ಬರೆದ್ರೆ ಸಾಕು.”

ಅದು ಎಂಟು ವಾರದ ಕೋರ್ಸು. ಪಾಸಾದರೆ ಶುಶ್ರೂಷಾ ಸಹಾಯಕಿ ಎಂಬ ಪ್ರಮಾಣಪತ್ರ. ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ರೋಗಿಗಳಿಗೆ ಸ್ನಾನ ಮಾಡಿಸುವ, ಊಟ ಮಾಡಿಸುವ, ಹಾಸಿಗೆ ಬದಲಿಸುವ, ಮಗ್ಗುಲು ತಿರುಗಿಸುವ ಕೆಲಸ. ಅರ್ಜಿಯಲ್ಲಿ ‘ಕೋರ್ಸು ಸೇರಲು ಕಾರಣ’ ಎಂದಿದ್ದ ಜಾಗದಲ್ಲಿ ಪ್ರಶ್ನಕ್ಕ ‘ಉದ್ಯೋಗ’ ಎಂದು ಬರೆದಳು. ಶುದ್ಧ ಸುಳ್ಳು. ‘ಇವಳ ಕೈಯಲ್ಲಿ ತಪ್ಪಿಲ್ಲ’ ಎಂದು ಯಾರಾದರೂ ಸಹಿ ಹಾಕಿ, ಸೀಲು ಒತ್ತಿ ಕೊಡಬೇಕಿತ್ತು ಅವಳಿಗೆ. ಅದನ್ನು ತಂದು ನಾದಿನಿಯ ಮೂಗಿನ ಮುಂದೆ ಹಿಡಿಯಬೇಕಿತ್ತು.

ಇಷ್ಟಕ್ಕೆಲ್ಲ ಕಾರಣ ಅತ್ತೆಯ ಕೂಗು. ನಾಲ್ಕು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಂದೇ ದಿನ ಹೋದವು. ‘ಹೂಂ’ ಎಂಬುದೊಂದು ಉಳಿಯಿತು, ಅದೂ ಮನಸ್ಸು ಬಂದಾಗ. ಹಾಸಿಗೆ ಹುಣ್ಣಾಗದಿರಲಿ ಎಂದು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು ಎಂದಿದ್ದರು ಡಾಕ್ಟರು. ಬೆಳಿಗ್ಗೆ, ರಾತ್ರಿ ಮಗ ತಿರುಗಿಸುತ್ತಿದ್ದ, ಹಗಲೆಲ್ಲ ಸೊಸೆ. ಮಗ ತಿರುಗಿಸಿದರೆ ಮುದುಕಿ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಸೊಸೆ ಕೈಯಿಟ್ಟಳೋ, ಪಕ್ಕದ ಮನೆಯ ಹೊಲಿಗೆ ಮೆಷಿನ್ನು ನಿಲ್ಲುವಂಥ ಕೂಗು.

ನಾಲ್ಕು ವರ್ಷದಲ್ಲಿ ಒಂದೇ ಒಂದು ಹುಣ್ಣಾಗಿರಲಿಲ್ಲ. ಅದನ್ನು ಯಾರು ಲೆಕ್ಕಕ್ಕಿಟ್ಟರು? ಎಲ್ಲರಿಗೂ ಕೇಳಿಸಿದ್ದು ಕೂಗು. ಪ್ರಶ್ನಕ್ಕ ಸುಮ್ಮನಿರುವವಳಲ್ಲ, ತನಿಖೆಗೆ ಇಳಿದಳು. ಬಳೆ ತಾಗುತ್ತದೇನೋ ಎಂದು ಬಳೆ ತೆಗೆದಳು. ಉಗುರನ್ನು ಬುಡದವರೆಗೆ ಕತ್ತರಿಸಿದಳು. ಕೈ ತಣ್ಣಗಿರುತ್ತದೇನೋ ಎಂದು ಬಿಸಿನೀರಿನಲ್ಲಿ ಅದ್ದಿ, ಒರೆಸಿ ಹೋದಳು. ಸೋಪು ಬದಲಿಸಿದಳು. ಒಂದು ವಾರ ಗಂಡನ ಹಳೆ ಅಂಗಿ ತೊಟ್ಟು ತಿರುಗಿಸಿದಳು, ವಾಸನೆಯ ಸಂಗತಿ ಇರಬಹುದೆಂದು. ಅತ್ತೆ ಜಪ್ಪಯ್ಯ ಅಂದರೂ ಕೂಗು ಬಿಡಲಿಲ್ಲ.

ನಾದಿನಿ ಊರಿನ ಇನ್ನೊಂದು ತುದಿಯಲ್ಲಿದ್ದಳು, ಪ್ರತಿ ಭಾನುವಾರ ತಾಯಿಯನ್ನು ನೋಡಲು ಬರುತ್ತಿದ್ದಳು. ಬಂದಾಗಲೆಲ್ಲ ಕೂಗು ಕೇಳುತ್ತಿದ್ದಳು. ಮೊದಮೊದಲು ಮುಖ ಸಿಂಡರಿಸುತ್ತಿದ್ದಳು, ಆಮೇಲೆ ತಾಯಿಯ ತೋಳು, ಬೆನ್ನಿನ ಬಟ್ಟೆ ಸರಿಸಿ ಗಾಯ ಹುಡುಕತೊಡಗಿದಳು. ಏನೂ ಸಿಗಲಿಲ್ಲ. ಸಿಗದಿದ್ದರೆ ಅನುಮಾನ ಹೋಗುತ್ತದೆಯೇ, ಇನ್ನಷ್ಟು ಬೆಳೆಯುತ್ತದೆ.

“ಅಣ್ಣ ಮುಟ್ಟಿದ್ರೆ ಕೂಗಲ್ಲ, ನಾನು ಕೈ ಹಿಡ್ಕೊಂಡು ಕೂತ್ರೆ ಕೂಗಲ್ಲ. ನಿಮ್ಮ ಕೈಯಲ್ಲೇ ಏನೋ ಇದೆ ಅತ್ತಿಗೆ” ಎಂದಳು ಒಂದು ಭಾನುವಾರ. “ಎರಡು ತಿಂಗಳು ನೋಡ್ತೀನಿ. ಹೀಗೇ ಇದ್ರೆ ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಯಾಕೆ ಕರ್ಕೊಂಡು ಬಂದೆ ಅಂತ ಕೇಳಿದೋರಿಗೆಲ್ಲ ಇದ್ದದ್ದು ಇದ್ದ ಹಾಗೇ ಹೇಳ್ತೀನಿ.”

ಬಾಯಿಲ್ಲದ ಮುದುಕಿಗೆ ಹಿಂಸೆ ಕೊಟ್ಟ ಸೊಸೆ. ಆ ಹೆಸರು ಒಮ್ಮೆ ಬಿದ್ದರೆ ಯಾವ ಸೋಪಿಗೂ ಹೋಗುವುದಿಲ್ಲ ಎಂಬುದು ಪ್ರಶ್ನಕ್ಕನಿಗೆ ಗೊತ್ತಿತ್ತು. ಮಾರನೆಯ ದಿನವೇ ಹೋಗಿ ಕೋರ್ಸಿಗೆ ಹೆಸರು ಬರೆಸಿದಳು. ತರಗತಿ ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ಆ ಹೊತ್ತು ಪಕ್ಕದ ಮನೆಯ ಟೈಲರಮ್ಮ ಕೈಹೊಲಿಗೆ ತಂದು ಅತ್ತೆಯ ಬಳಿ ಕೂರುತ್ತಿದ್ದಳು. ಮೀಟರ್ ರೀಡಿಂಗಿಗೆ ಮನೆಮನೆ ಸುತ್ತುವ ಗಂಡ ನಡುವೆ ಬಂದು ಒಮ್ಮೆ ತಾಯಿಯ ಮಗ್ಗುಲು ತಿರುಗಿಸಿ ಹೋಗುತ್ತಿದ್ದ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಪ್ರಶ್ನಕ್ಕನಿಗೂ ಅತ್ತೆಗೂ ಮಾತಿರಲಿಲ್ಲ. ಲಕ್ವ ಹೊಡೆದದ್ದಕ್ಕಲ್ಲ, ಅದಕ್ಕೂ ಎರಡು ವರ್ಷ ಮೊದಲಿಂದ. ಜಗಳಕ್ಕೆ ಕಾರಣ ಹೇಳಿದರೆ ನಗು ಬರುತ್ತದೆ. ಮನೆ ತುಂಬ ನೆಂಟರು ಕೂತಿದ್ದಾಗ ಅತ್ತೆ, “ನಮ್ಮ ಸೊಸೆಗೆ ದೇವರು ಬಾಯಿ ಕೊಟ್ಟ, ಬ್ರೇಕು ಕೊಡೋದು ಮರೆತ” ಎಂದರು. ಎಲ್ಲರೂ ನಕ್ಕರು, ಗಂಡನೂ ನಕ್ಕ. ನೆಂಟರು ಹೋದ ಮೇಲೆ ಅಡುಗೆಮನೆಯಲ್ಲಿ ಸೊಸೆ, “ಇನ್ನು ನಿಮ್ಮ ಹತ್ತಿರ ಬಾಯಿ ಬಿಟ್ರೆ ಕೇಳಿ” ಎಂದಳು. ಅತ್ತೆ ಪಾತ್ರೆ ಒರೆಸುತ್ತ, “ಬದುಕಿದೆ” ಎಂದರು. ಆ ‘ಬದುಕಿದೆ’ ಒಂದು ಬರದೇ ಇದ್ದಿದ್ದರೆ ಮಾರನೆಯ ದಿನ ಎಲ್ಲ ಸರಿಹೋಗುತ್ತಿತ್ತು.

ಇಬ್ಬರೂ ಹಟದಲ್ಲಿ ಒಬ್ಬರನ್ನೊಬ್ಬರು ಮೀರಿಸಿದವರು. ಎರಡು ವರ್ಷ ಒಂದೇ ಅಡುಗೆಮನೆಯಲ್ಲಿ ಗಂಡನ ಮೂಲಕ ಮಾತಾಡಿದರು. ‘ನಿಮ್ಮಮ್ಮನಿಗೆ ಹೇಳಿ’, ‘ನಿನ್ನ ಹೆಂಡ್ತಿಗೆ ಹೇಳು’. ಅವನು ನಡುವೆ ಅಂಚೆಯವನಾದ. ನಾದಿನಿ ಬಂದಾಗ ಮಾತ್ರ ಇಬ್ಬರೂ ಅವಳ ಕಡೆ ಮುಖ ಮಾಡಿ ಧಾರಾಳವಾಗಿ ಮಾತಾಡುತ್ತಿದ್ದರು, ಮನೆಯ ಗುಟ್ಟು ಹೊರಗೆ ಹೋಗಬಾರದೆಂದು. ಲಕ್ವ ಹೊಡೆದ ಮೇಲೆ ಸೊಸೆ ಒಂದು ದಿನವೂ ಬೇಸರಿಸದೆ ಸೇವೆ ಮಾಡಿದಳು. ಆದರೆ ಮಾತಾಡಲಿಲ್ಲ. ಉತ್ತರ ಕೊಡಲು ಆಗದವರ ಜೊತೆ ಏನು ಮಾತು ಎಂದು ತನಗೆ ತಾನೇ ಹೇಳಿಕೊಂಡಳು. ನಾಲ್ಕು ಗೋಡೆಯೊಳಗಿನ ಆ ಮೌನ ಯಾರ ಕಣ್ಣಿಗೂ ಬೀಳಲಿಲ್ಲ. ಮಾತು ಬರದವರ ಕೋಣೆಯಲ್ಲಿ ಮಾತಿಲ್ಲ ಎಂದು ಯಾರು ತಾನೇ ಗಮನಿಸುತ್ತಾರೆ?

ತರಗತಿಯಲ್ಲಿ ಅವಳದೇ ದರ್ಬಾರು. ಪಾಠ ಹೇಳುತ್ತಿದ್ದವರು ನಿವೃತ್ತ ನರ್ಸು. ಎಲ್ಲರೂ ಅವರನ್ನು ‘ಸಿಸ್ಟರ್’ ಎನ್ನುತ್ತಿದ್ದರು. ಪ್ರಶ್ನಕ್ಕ ಕೇಳಿದ್ದಕ್ಕೆಲ್ಲ ಅವರು ಉತ್ತರ ಕೊಡುತ್ತಿದ್ದರು, ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎನ್ನುತ್ತಿದ್ದರು. ಈ ಎರಡನೆಯದು ಅವಳಿಗೆ ಬಹಳ ಹಿಡಿಸಿತು. ಅಭ್ಯಾಸಕ್ಕೆ ಅವಳ ಜೊತೆಗಾರ್ತಿಯಾಗಿ ಸಿಕ್ಕವಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಹನ್ನೆರಡು ವರ್ಷ ಕೂತು ಬಂದಿದ್ದ ಧಡೂತಿ ಹೆಂಗಸು. ಕಂಡಿಯ ಆಚೆ ನಿಂತವರಿಗೆ ಕೂಗಿ ಹೇಳಿ ಹೇಳಿ ಅವಳ ಪಿಸುಮಾತೂ ಮೂರು ಕೋಣೆಗೆ ಕೇಳಿಸುತ್ತಿತ್ತು. ಅವಳ ಹೆಸರು ಕೌಂಟರಮ್ಮ ಎಂದಾಯಿತು.

ಪ್ರತಿ ಕೆಲಸಕ್ಕೂ ಒಂದು ಹಂತಪಟ್ಟಿ ಇತ್ತು. ಮಗ್ಗುಲು ತಿರುಗಿಸುವುದಕ್ಕೇ ಹದಿನಾಲ್ಕು ಹಂತ. ಬಾಗಿಲು ತಟ್ಟು, ನೀನು ಯಾರೆಂದು ಹೇಳು, ಕೈ ತೊಳೆ, ಏನು ಮಾಡಲಿದ್ದೀಯ ಎಂದು ರೋಗಿಗೆ ತಿಳಿಸು, ಬೀಳದಂತೆ ಮಂಚದ ಆಚೆ ಬದಿಯ ಕಂಬಿ ಎತ್ತು, ರೋಗಿಯನ್ನು ಮೊದಲು ನಿನ್ನ ಕಡೆಗೆ ಸರಿಸಿಕೊ, ಹೀಗೆ ಸಾಗುತ್ತಿತ್ತು. ನಾಲ್ಕನೆಯ ಹಂತದ ಮುಂದೆ ಕೆಂಪು ನಕ್ಷತ್ರ. ಅಂದರೆ ಅದೊಂದು ತಪ್ಪಿದರೆ ಉಳಿದ ಹದಿಮೂರು ಬಂಗಾರದಂತೆ ಮಾಡಿದರೂ ಫೇಲು.

“ನಾಲ್ಕು ವರ್ಷದಿಂದ ತಿರುಗಿಸ್ತಾ ಇದೀನಿ, ಹದಿನಾಲ್ಕು ಹಂತ ಅಂತೆ” ಎಂದು ಪ್ರಶ್ನಕ್ಕ ಒಳಗೊಳಗೇ ನಕ್ಕಳು.

ನಾಲ್ಕನೇ ವಾರ ಮಾದರಿ ಪರೀಕ್ಷೆ. ಸ್ಟೀಲ್ ಬೋಗುಣಿಯಿಂದ ಚೀಟಿ ಎತ್ತಬೇಕು. ಕೌಂಟರಮ್ಮ ರೋಗಿಯಾಗಿ ಮಲಗಿದಳು. ಮೊದಲ ಚೀಟಿಯಲ್ಲಿ ಊಟ ಮಾಡಿಸುವುದು ಬಂತು. ಪ್ರಶ್ನಕ್ಕ ಮಾತಾಡಿದ್ದೇ ಮಾತಾಡಿದ್ದು. ಬಿಸಿ ಸಾಕಾ, ತಲೆ ಇನ್ನಷ್ಟು ಎತ್ತಲಾ, ಮೊದಲು ಯಾವುದು ಬೇಕು. ಸಿಸ್ಟರ್ ಪೂರ್ತಿ ಅಂಕ ಕೊಟ್ಟರು. ಎರಡನೆಯ ಚೀಟಿಯಲ್ಲಿ ಮಗ್ಗುಲು ತಿರುಗಿಸುವುದು. ಈ ಸಲ ಕೌಂಟರಮ್ಮನ ಎದೆಯ ಮೇಲೆ ಒಂದು ರಟ್ಟಿನ ಚೂರು ಇಟ್ಟರು: ‘ರೋಗಿಗೆ ಮಾತು ಬರುವುದಿಲ್ಲ.’

ಪ್ರಶ್ನಕ್ಕ ಕೈ ತೊಳೆದಳು, ಕಂಬಿ ಎತ್ತಿದಳು, ಸರಿಸಿದಳು, ತಿರುಗಿಸಿದಳು, ಬೆನ್ನಿಗೆ ದಿಂಬು ಕೊಟ್ಟಳು. ಆ ಹೆಂಗಸನ್ನು ಹೂವಿನಂತೆ ತಿರುಗಿಸಿದ್ದು ನೋಡಿ ತರಗತಿಯವರು ಬೆರಗಾದರು.

“ಫೇಲು” ಎಂದರು ಸಿಸ್ಟರ್.

“ಯಾಕೆ ಸಿಸ್ಟರ್?”

“ಬಾಗಿಲಿಂದ ದಿಂಬಿನ ತನಕ ನಿಮ್ಮ ಬಾಯಿಂದ ಒಂದಕ್ಷರ ಬಂದಿಲ್ಲ. ನೀವು ಯಾರು ಅಂತ ಹೇಳಿಲ್ಲ, ಏನು ಮಾಡ್ತೀರ ಅಂತ ಹೇಳಿಲ್ಲ.”

“ಅವರಿಗೆ ಮಾತು ಬರಲ್ಲ ಅಂತ ಬರೆದಿತ್ತಲ್ಲ.”

“ಮಾತು ಬರದವರಿಗೆ ಕಿವಿ ಇರಲ್ವೇನಮ್ಮ?”

ತರಗತಿ ಗೊಳ್ಳೆಂದಿತು. ಇಡೀ ಕೇಂದ್ರದಲ್ಲಿ ಬಾಯಿಗೆ ಬೀಗವಿಲ್ಲದವಳು ಮಾತಾಡದೆ ಫೇಲಾದದ್ದು ಅವರಿಗೆಲ್ಲ ಒಂದು ವಾರದ ತಮಾಷೆಯಾಯಿತು. ಪ್ರಶ್ನಕ್ಕನಿಗೂ ಆಶ್ಚರ್ಯವೇ. ಆ ರಟ್ಟು ನೋಡಿದ ಕೂಡಲೇ ತನ್ನ ಬಾಯಿ ತಾನಾಗಿ ಮುಚ್ಚಿಕೊಂಡದ್ದು ಅವಳಿಗೆ ತಿಳಿದಿರಲೇ ಇಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದಳು.

ಐದನೇ ವಾರ ಎಲ್ಲರೂ ಸರದಿಯ ಮೇಲೆ ಒಂದೊಂದು ಗಂಟೆ ರೋಗಿಯಾಗಬೇಕಿತ್ತು. ಪ್ರಶ್ನಕ್ಕನ ಬಲಗೈ, ಬಲಗಾಲಿಗೆ ಬಟ್ಟೆ ಸುತ್ತಿ ಅಲುಗದಂತೆ ಕಟ್ಟಿದರು. ಎರಡೂ ಗಾಜಿನ ಬಲ ಅರ್ಧಕ್ಕೆ ಕಾಗದ ಅಂಟಿಸಿದ್ದ ಕನ್ನಡಕ ಹಾಕಿದರು.

“ಇದು ಯಾಕೆ?” ಎಂದಳು.

“ಲಕ್ವ ಹೊಡೆದ ಎಷ್ಟೋ ಜನಕ್ಕೆ ಬಿದ್ದುಹೋದ ಕೈಯ ಕಡೆ ಇರೋದು ಕಾಣಿಸೋದೂ ಇಲ್ಲ. ಕಣ್ಣು ಚೆನ್ನಾಗೇ ಇರುತ್ತೆ, ಆ ಕಡೆಯ ಲೋಕ ಮಾತ್ರ ಇರಲ್ಲ. ಅದಕ್ಕೇ ಕಾಣೋ ಕಡೆಯಿಂದ ಹೋಗಿ ಮಾತಾಡಿಸ್ಬೇಕು” ಎಂದರು ಸಿಸ್ಟರ್. “ಇನ್ನು ಒಂದು ಗಂಟೆ ಬಾಯಿ ಬಿಡೋ ಹಾಗಿಲ್ಲ.”

ಮೊದಲ ಹತ್ತು ನಿಮಿಷ ಮಜವಾಗಿತ್ತು. ಸೂರಿನ ಬಿರುಕು ಎಣಿಸಿದಳು. ಆಮೇಲೆ ಕಿವಿ ದೊಡ್ಡದಾಯಿತು. ಯಾರದೋ ಚಪ್ಪಲಿ, ನೀರು ಸುರಿಯುವ ಸದ್ದು, ದೂರದಲ್ಲಿ ಗುಮಾಸ್ತನ ಕೆಮ್ಮು. ಎಲ್ಲವೂ ಬಲಗಡೆಯಿಂದ, ಏನೂ ಇಲ್ಲದ ಕಡೆಯಿಂದ. ಕೌಂಟರಮ್ಮ ತನ್ನ ಹಂತಪಟ್ಟಿಯನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದಳಂತೆ, ಆ ಗಡಿಬಿಡಿಯಲ್ಲಿ ನಾಲ್ಕನೆಯದನ್ನು ಹಾರಿಸಿದಳು. ಎಲ್ಲಿಂದಲೋ ಎರಡು ಕೈ ಬಂದವು. ಭುಜ, ಸೊಂಟ ಹಿಡಿದವು. ಲೋಕವೇ ಎಡಕ್ಕೆ ವಾಲಿತು, ಮಂಚದ ಅಂಚು, ಅದರಾಚೆ ನೆಲ. ಬೀಳುತ್ತಿದ್ದೇನೆ ಎನಿಸಿತು, ಎಡಗೈ ಮೈಯಡಿ ಸಿಕ್ಕಿತ್ತು, ಹಿಡಿದುಕೊಳ್ಳಲು ಕೈಯಿಲ್ಲ. ಗಂಟಲಿನಿಂದ ಒಂದು ಕೂಗು ಹೊರಟಿತು.

ಆ ಕೂಗು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ಆರು ಸಲದಂತೆ ನಾಲ್ಕು ವರ್ಷ ಕೇಳಿದ್ದಳು.

“ಅಯ್ಯೋ, ಉಗುರು ತಾಗ್ತಾ?” ಎಂದು ಕೌಂಟರಮ್ಮ ಗಾಬರಿಯಾದಳು.

“ಇಲ್ಲ.”

“ಕೈ ತಣ್ಣಗಿತ್ತಾ?”

“ಇಲ್ಲ ಮಾರಾಯ್ತಿ. ನಿನ್ನ ಕೈ ಸರಿಯಾಗೇ ಇದೆ. ನೀನು ಬಂದದ್ದೇ ಗೊತ್ತಾಗ್ಲಿಲ್ಲ.”

ಬೇರೆಯವಳಾಗಿದ್ದರೆ ಅಲ್ಲೇ ಅಳುತ್ತಿದ್ದಳೇನೋ. ಪ್ರಶ್ನಕ್ಕನ ಸ್ವಭಾವ ಬೇರೆ. ಇದು ನಿಜವೇ ಎಂದು ಖಚಿತ ಮಾಡಿಕೊಳ್ಳಬೇಕಿತ್ತು ಅವಳಿಗೆ. ಮಾರನೆಯ ಬೆಳಿಗ್ಗೆ ಗಂಡ ತಾಯಿಯ ಬಳಿ ಹೋಗುತ್ತಿದ್ದಾಗ ಅಡ್ಡ ನಿಂತಳು. ಅವನದು ಯಾವಾಗಲೂ ಒಂದೇ ರೀತಿ. ಬಾಗಿಲಿಂದಲೇ ಶುರು: “ಅಮ್ಮಾ, ನಾನು ಬಂದೆ, ಎದ್ಯಾ, ನಿನ್ನೆ ಒಂದು ಮನೆ ನಾಯಿ ನನ್ನ ಪ್ಯಾಂಟಿಗೇ ಬಾಯಿ ಹಾಕ್ತು, ಬಾ ಈ ಕಡೆ ತಿರುಗೋಣ.”

“ರೀ, ಇವತ್ತೊಂದು ದಿನ ಬಾಯಿ ಮುಚ್ಕೊಂಡು ತಿರುಗಿಸಿ” ಎಂದಳು.

“ಯಾಕೆ?”

“ಆಮೇಲೆ ಹೇಳ್ತೀನಿ. ಬಲಗಡೆಯಿಂದ ಹೋಗಿ. ಕೆಮ್ಮಬೇಡಿ.”

ಮುದುಕಿಗೆ ಇನ್ನೊಂದು ಸಲ ಭಯ ಕೊಟ್ಟು ತಿಳಿದುಕೊಳ್ಳುವಂಥದ್ದು ಏನಿತ್ತು ಎಂದು ಯಾರಾದರೂ ಕೇಳಬಹುದು. ತಪ್ಪೇ ಅದು. ಆದರೆ ಗೊತ್ತಾಗದೆ ಇರಲು ಅವಳಿಂದ ಆಗುತ್ತಿರಲಿಲ್ಲ. ಗಂಡ ಕಳ್ಳನ ಹಾಗೆ ಹೆಜ್ಜೆಯಿಟ್ಟು ಹೋದ, ತಾಯಿಯ ಭುಜಕ್ಕೆ ಕೈ ಹಾಕಿದ, ತಿರುಗಿಸಿದ. ಪಕ್ಕದ ಮನೆಯ ಹೊಲಿಗೆ ಮೆಷಿನ್ನು ನಿಂತಿತು.

ಅವನು ಗಾಬರಿಯಾಗಿ “ಅಮ್ಮಾ, ನಾನೇ, ನಾನೇ ಕಣಮ್ಮ” ಎಂದು ಬಡಬಡಿಸಿದ. ಕೂಗು ತಕ್ಷಣ ನಿಂತಿತು. ಹೊರಗೆ ಬಂದು ಹೆಂಡತಿಯನ್ನು ನೋಡಿದ. “ಮಾತಾಡದೆ ತಿರುಗಿಸಿದ್ರೆ ಹೀಗಾಗುತ್ತಾ? ಹಾಗಿದ್ರೆ ನೀನು...” ಎಂದವನು ಅರ್ಧಕ್ಕೇ ನಿಲ್ಲಿಸಿದ. ಅವಳು ತಲೆ ತಗ್ಗಿಸಿದ್ದಳು.

“ಇನ್ನೂನಾ?” ಎಂದ. “ಇಷ್ಟು ವರ್ಷ ಒಂದು ಮಾತೂ ಇಲ್ವಾ? ಅಮ್ಮ ಮಲಗಿದ ಮೇಲೂ?”

“ಕೆಲಸ ಎಲ್ಲ ಮಾಡಿದ್ದೀನಿ.”

“ಕೆಲಸದ ಮಾತಲ್ಲ ನಾನು ಕೇಳಿದ್ದು” ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ.

ಗೊತ್ತಾಯಿತಲ್ಲ, ಇನ್ನು ಮಾತಾಡಿದರೆ ಮುಗಿಯಿತು ಎಂದು ಓದುವವರು ಅಂದುಕೊಳ್ಳಬಹುದು. ಆರು ವರ್ಷ ಮಾತು ಬಿಟ್ಟು ನೋಡಲಿ, ಆಗ ತಿಳಿಯುತ್ತದೆ. ಪ್ರಶ್ನಕ್ಕ ಮಂಚದ ಎಡಗಡೆ, ಕಪಾಟು ಅಡ್ಡವೆಂದು ತಾನೆಂದೂ ಹೋಗದ ಸಂದಿಗೆ ಬಂದು ನಿಂತಳು. ಅತ್ತೆಯ ಕಣ್ಣು ಅವಳ ಮೇಲೆ ಬಿತ್ತು. ‘ಅ’ ಎಂದಳು, ಮುಂದಿನದು ಬರಲಿಲ್ಲ. ಏನೆಂದು ಶುರು ಮಾಡುವುದು? ಇಷ್ಟು ದಿನ ಯಾಕೆ ಆಡಲಿಲ್ಲ ಎಂದು ಕೇಳಲು ಆ ಬಾಯಿಗೆ ಆಗದಿದ್ದರೂ ಕಣ್ಣು ಕೇಳುತ್ತಿತ್ತು. ಬಟ್ಟೆ ಮಡಿಸುವ ನೆಪ ಮಾಡಿ ಹೊರಗೆ ಬಂದಳು.

ಆಮೇಲೆ ಬಾಯೊಂದನ್ನು ಬಿಟ್ಟು ಉಳಿದದ್ದೆಲ್ಲ ಪ್ರಯತ್ನಿಸಿದಳು. ಬಾಗಿಲು ತಟ್ಟಿ ಒಳಗೆ ಹೋದಳು. ಮಂಚದ ಕಾಲಿಗೆ ಚಮಚದಿಂದ ಬಡಿದಳು. ಗಟ್ಟಿಯಾಗಿ ಕೆಮ್ಮಿದಳು. ಎಡಗಡೆಯಿಂದ ಹೋಗಿ ಮುಖ ತೋರಿಸಿ, ಆಮೇಲೆ ಸುತ್ತಿ ಬಂದು ತಿರುಗಿಸಿದಳು. ಕೂಗು ಅರ್ಧಕ್ಕೆ ಇಳಿಯಿತು. ಅರ್ಧ ಉಳಿಯಿತು. ಭಾನುವಾರ ಬಂದ ನಾದಿನಿ, “ಸ್ವಲ್ಪ ಕಮ್ಮಿ ಆಗಿದೆ” ಎಂದಳು, ನಂಬಿಕೆಯಿಲ್ಲದ ದನಿಯಲ್ಲಿ. ಪರೀಕ್ಷೆಗೆ ಎರಡು ವಾರವಿತ್ತು.

ಪರೀಕ್ಷೆಯ ದಿನ ಹೊರಗಿನಿಂದ ಒಬ್ಬ ಪರೀಕ್ಷಕಿ ಬಂದರು. ಮುಖದಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ. ಬೋಗುಣಿಯಿಂದ ಮೂರು ಚೀಟಿ. ನಾಡಿ ಎಣಿಸುವುದು, ಹಾಸಿಗೆ ಬದಲಿಸುವುದು ಎರಡೂ ಸಲೀಸಾಗಿ ಮುಗಿದವು. ಮೂರನೆಯ ಚೀಟಿ ಬಿಡಿಸಿದಾಗ ಕೌಂಟರಮ್ಮ ತನ್ನ ಪಿಸುಮಾತಿನಲ್ಲಿ ‘ದೇವರೇ’ ಎಂದದ್ದು ಇಡೀ ಕೋಣೆಗೆ ಕೇಳಿಸಿತು. ಮಗ್ಗುಲು ತಿರುಗಿಸುವುದು. ಎದೆಯ ಮೇಲೆ ಅದೇ ರಟ್ಟು.

ಪ್ರಶ್ನಕ್ಕ ಬಾಗಿಲು ತಟ್ಟಿದಳು. ಎಡಗಡೆಯಿಂದ ಬಂದು ಬಗ್ಗಿದಳು. “ನಮಸ್ಕಾರ. ನಾನು ಇವತ್ತು ನಿಮ್ಮನ್ನ ನೋಡ್ಕೊಳ್ಳೋ ಸಹಾಯಕಿ. ಇಷ್ಟು ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿ ಬೆನ್ನು ಬಿಸಿಯಾಗಿರುತ್ತೆ ಅಲ್ವಾ? ಈಗ ನಿಮ್ಮನ್ನ ಎಡಕ್ಕೆ ತಿರುಗಿಸ್ತೀನಿ. ಈ ಕಡೆ ಕಂಬಿ ಎತ್ತಿದ್ದೀನಿ, ಬೀಳಲ್ಲ. ಆ ಕಡೆ ಹೋಗಿ ಮೊದಲು ಭುಜಕ್ಕೆ ಕೈ ಹಾಕ್ತೀನಿ. ಹಾಕ್ಲಾ?” ಕೌಂಟರಮ್ಮ ಕಣ್ಣು ಮಿಟುಕಿಸಿದಳು. “ಈಗ ಸೊಂಟ. ಮೂರು ಅಂತೀನಿ, ಆಗ ತಿರುಗೋಣ.” ಮಾತು ನೀರು ಹರಿದಂತೆ ಬಂತು. ದಿಂಬು ಕೊಟ್ಟು, “ಹೀಗೆ ಸರಿಯಾಯ್ತಾ?” ಎಂದು ಕೇಳಿ, ಉತ್ತರಕ್ಕೆ ಕಾದಳು.

ಪರೀಕ್ಷಕಿ ಏನೋ ಗೀಚಿ ತಲೆಯೆತ್ತಿದರು. “ಮಾತು ಬರದವರ ಜೊತೆ ಹೀಗೆ ಮಾತಾಡೋರು ಕಮ್ಮಿ. ಮನೇಲಿ ಯಾರಾದ್ರೂ ಹೀಗೆ ಮಲಗಿದ್ದಾರಾ?”

“ನಮ್ಮತ್ತೆ.”

“ಪುಣ್ಯವಂತರು ಬಿಡಿ” ಎಂದರು ಪರೀಕ್ಷಕಿ, ಮೊದಲ ಸಲ ನಗುತ್ತ.

ಪಾಸಾಯಿತು. ಪ್ರಮಾಣಪತ್ರದಲ್ಲಿ ಸಹಿ, ಸೀಲು, ಫೋಟೊ ಎಲ್ಲ ಇತ್ತು. ಕೌಂಟರಮ್ಮ ತಬ್ಬಿಕೊಂಡು ಮೂರು ಬೀದಿಗೆ ಕೇಳುವಂತೆ ಸಂತೋಷಪಟ್ಟಳು. ಪ್ರಶ್ನಕ್ಕನಿಗೆ ಮಾತ್ರ ಆ ‘ಪುಣ್ಯವಂತರು’ ದಾರಿಯುದ್ದಕ್ಕೂ ಚುಚ್ಚುತ್ತಿತ್ತು. ನಾಟಕದ ರೋಗಿಗೆ ಅಷ್ಟೊಂದು ಮಾತು. ಮನೆಯಲ್ಲಿ ನಿಜವಾಗಿ ಮಲಗಿದವಳಿಗೆ ಚಮಚದ ಸದ್ದು.

ಭಾನುವಾರ ನಾದಿನಿ ಬಂದು ಪ್ರಮಾಣಪತ್ರವನ್ನು ಎರಡು ಸಲ ಓದಿದಳು, ಹಿಂದೆ ತಿರುಗಿಸಿಯೂ ನೋಡಿದಳು.

“ಸರಿ ಅತ್ತಿಗೆ. ಕೈಯಲ್ಲಿ ತಪ್ಪಿಲ್ಲ ಅಂತ ಬರೆದುಕೊಟ್ಟ ಮೇಲೆ ನಾನೇನು ಹೇಳಲಿ. ಆಡಿದ್ದನ್ನ ಹೊಟ್ಟೆಗೆ ಹಾಕ್ಕೊಳ್ಳಿ.”

ಬೇಕಾದದ್ದು ಸಿಕ್ಕಿಹೋಗಿತ್ತು. ಅಷ್ಟರಲ್ಲಿ ಮಗ್ಗುಲು ತಿರುಗಿಸುವ ಹೊತ್ತಾಯಿತು. ಗಂಡ ಏಳಲು ಹೋದ, ಅವಳು ಬೇಡವೆಂದಳು. ಒಳಗೆ ಹೋಗಿ ಅತ್ತೆಗೆ ಕಾಣುವ ಕಡೆ, ಕಪಾಟಿಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ ಹೇಗೋ ತೂರಿ ಮೊಣಕಾಲೂರಿದಳು. ನಾದಿನಿ ಬಾಗಿಲಲ್ಲಿ ನಿಂತಳು. ಸ್ವಂತ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಬಾಯಿಪಾಠ ಮಾಡಿದ್ದು ಮಾತ್ರ ಬಂತು.

“ನಮಸ್ಕಾರ” ಎಂದಳು. “ನಾನು ಇವತ್ತು ನಿಮ್ಮನ್ನ ನೋಡ್ಕೊಳ್ಳೋ ಸಹಾಯಕಿ.”

ನಾದಿನಿ ಕಿಸಕ್ಕನೆ ನಕ್ಕಳು. ಅತ್ತೆ ನಗಲಿಲ್ಲ. ಅವರ ಕಣ್ಣು ಸೊಸೆಯ ತುಟಿಯ ಮೇಲೇ ನಿಂತಿತ್ತು, ಆ ತುಟಿ ಅಲುಗಿದ್ದನ್ನು ನಂಬದವರಂತೆ.

“ಅತ್ತೆ, ನಾನು. ನಿಮ್ಮ ಸೊಸೆ” ಎಂದಳು ಪ್ರಶ್ನಕ್ಕ. “ನಿಮ್ಮನ್ನ ಎಡಕ್ಕೆ ತಿರುಗಿಸ್ತೀನಿ. ಇಲ್ಲಿ ಸಂದಿಗೆ ದಿಂಬು ಇಟ್ಟಿದ್ದೀನಿ, ಬೀಳಲ್ಲ. ಈಗ ಆ ಕಡೆ ಹೋಗ್ತೀನಿ, ನಾನು ನಿಮಗೆ ಕಾಣಲ್ಲ, ಆದ್ರೆ ಮಾತಾಡ್ತಾ ಇರ್ತೀನಿ. ಬಂದೆ. ಇದು ನನ್ನ ಕೈ, ಭುಜದ ಮೇಲೆ. ಇದು ಸೊಂಟಕ್ಕೆ. ಒಂದು, ಎರಡು, ಮೂರು.”

ಅತ್ತೆ ತಿರುಗಿದರು. ಪಕ್ಕದ ಮನೆಯ ಹೊಲಿಗೆ ಮೆಷಿನ್ನು ಓಡುತ್ತಲೇ ಇತ್ತು.

“ಅಬ್ಬಾ!” ಎಂದಳು ನಾದಿನಿ. “ಏನು ಚೆನ್ನಾಗಿ ಕಲಿಸಿದ್ದಾರೆ ಅತ್ತಿಗೆ! ಈ ಕೋರ್ಸು ಮೊದಲೇ ಮಾಡಿದ್ದಿದ್ರೆ ಅಮ್ಮನಿಗೆ ನಾಲ್ಕು ವರ್ಷದ ನೋವು ತಪ್ಪುತ್ತಿತ್ತು ನೋಡಿ.”

‘ಹೌದು’ ಎಂದರೆ ಸಾಕಿತ್ತು. ಗಂಡ ಬಾಗಿಲ ಬಳಿ ನಿಂತಿದ್ದ. ಅವನು ಎಂದಿಗೂ ಬಾಯಿ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಕೋರ್ಸಿನ ಮಾತಲ್ಲ” ಎಂದಳು ಪ್ರಶ್ನಕ್ಕ. “ನಾನು ಅತ್ತೆ ಜೊತೆ ಮಾತಾಡ್ತಿರಲಿಲ್ಲ. ಆರು ವರ್ಷದಿಂದ. ಮಲಗಿದ ಮೇಲೂ ಒಂದು ಮಾತು ಆಡ್ಲಿಲ್ಲ. ಹೇಳದೆ ಬಂದು ಹೇಳದೆ ತಿರುಗಿಸ್ತಿದ್ದೆ. ನಾನು ಹೋಗ್ತಿದ್ದ ಬಲಗಡೆ ಅವರಿಗೆ ಏನೂ ಕಾಣಿಸ್ತಿರಲಿಲ್ಲ, ಅದಕ್ಕೇ ಕೂಗ್ತಿದ್ರು. ನೀನು ಹೇಳಿದ್ದು ಸರಿ. ತಪ್ಪು ನನ್ನದೇ.”

ನಾದಿನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಮುಖ ಕೆಂಡವಾಯಿತು.

“ಅಮ್ಮ ಹಾಸಿಗೆ ಹಿಡಿದಿದ್ರೂ ಹಟ? ಒಂದು ಮಾತು ಆಡೋಕೆ ನಿಮ್ಮ ಗಂಟೇನು ಹೋಗ್ತಿತ್ತು? ಬೇಡ, ಇನ್ನು ಒಂದು ದಿನವೂ ಬೇಡ. ಅಣ್ಣಾ, ಆಟೋ ಕರಿ. ಇವತ್ತೇ ಕರ್ಕೊಂಡು ಹೋಗ್ತೀನಿ!” ಎನ್ನುತ್ತ ದಾಪುಗಾಲಿಟ್ಟು ಬಂದು, ಮಂಚದ ಬಲಗಡೆಯಿಂದ ಬಗ್ಗಿ ತಾಯಿಯ ಭುಜ ಹಿಡಿದು ಎತ್ತಲು ಹೋದಳು.

ಅತ್ತೆ ಕೂಗಿದರು.

ಅದೇ ಕೂಗು. ನಾದಿನಿ ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ತನ್ನ ಅಂಗೈಯನ್ನೇ ನೋಡಿಕೊಂಡಳು. “ಅಮ್ಮಾ, ನಾನಲ್ವಾ” ಎನ್ನಲು ಹೊರಟವಳಿಗೆ ಅಳು ಬಂತು. ಗಂಡ ಎಲ್ಲಿಗೂ ಹೋಗದೆ ನಿಂತಲ್ಲೇ ನಿಂತ.

ಪ್ರಶ್ನಕ್ಕ ಮತ್ತೆ ಸಂದಿಗೆ ಹೋಗಿ ಅತ್ತೆಯ ಮುಖದ ಮುಂದೆ ಕೂತಳು. ಅತ್ತೆಯ ಎಡಗೈ ಹಾಸಿಗೆಯನ್ನು ಗಟ್ಟಿಯಾಗಿ ಹಿಡಿದಿತ್ತು.

“ಅತ್ತೆ, ಅದು ನಿಮ್ಮ ಮಗಳು” ಎಂದಳು. “ಈಗಷ್ಟೇ ನಿಮ್ಮ ಬೆನ್ನ ಹಿಂದೆ ಬಂದಳು. ಕೋಪದಲ್ಲಿದ್ದಾಳೆ, ನಿಮ್ಮ ಮೇಲಲ್ಲ, ನನ್ನ ಮೇಲೆ. ನಿಮ್ಮನ್ನ ಅವಳ ಮನೆಗೆ ಕರ್ಕೊಂಡು ಹೋಗ್ತೀನಿ ಅಂತಿದ್ದಾಳೆ. ಹೋಗ್ತೀರೋ ಇಲ್ಲೇ ಇರ್ತೀರೋ ಅಂತ ಆಮೇಲೆ ನಿಮ್ಮನ್ನೇ ಕೇಳ್ತೀವಿ. ಈಗ ಅವಳು ನಿಮ್ಮ ಭುಜದ ಮೇಲೆ ಕೈ ಇಡ್ಬೇಕು ಅಂತಿದ್ದಾಳೆ. ಇಡ್ಬಹುದಾ?”

ನಾದಿನಿ ಕಣ್ಣೊರೆಸಿಕೊಂಡು ಕೈ ಚಾಚಿದಳು, ಮುಟ್ಟಲಿಲ್ಲ. ಅತ್ತೆ ಸೊಸೆಯ ಮುಖವನ್ನು ನೋಡುತ್ತ ತಮಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡರು. ಆಮೇಲೆ “ಹೂಂ” ಎಂದರು. ಅಲ್ಲಿಯವರೆಗೂ ನಾದಿನಿಯ ಕೈ ಗಾಳಿಯಲ್ಲೇ ಕಾದಿತ್ತು.